ಕಾಗದದ ಮೇಲಿನ ಗೀಟು

ಕಾಂಗೋ ನದಿಯ ದಂಡೆಯ ನಮ್ಮ ಊರಿಗೆ ಬಿಳಿಯನೊಬ್ಬ ಉಗಿದೋಣಿಯಲ್ಲಿ ಬಂದಿಳಿದಾಗ ಊರಿನ ಯಜಮಾನನಾಗಿದ್ದವನು ನನ್ನ ಸೋದರಮಾವ ನ್ಲಾಂಡು. ಬಂದವನು ಕಾಗದವೊಂದನ್ನು ಬಿಚ್ಚಿ ಬಹಳ ಹೊತ್ತು ಓದಿದ. ಕರಾವಳಿಯಿಂದ ಅವನ ಜೊತೆ ಬಂದಿದ್ದ ದುಭಾಷಿ ಅದನ್ನೆಲ್ಲ ಎರಡೇ ಮಾತಿನಲ್ಲಿ ಮುಗಿಸಿದ: ಇದು ಸ್ನೇಹದ ಕಾಗದ, ಸಾಮಾನಿಡಲು ದಂಡೆಯ ಮೇಲೆ ಒಂದು ಮನೆ ಕಟ್ಟಿಕೊಳ್ಳುತ್ತಾರೆ, ಅಷ್ಟೆ.

ನನ್ನ ತಾಯಿ ಲುಕೇನಿಗೆ ಅದು ಸರಿಬರಲಿಲ್ಲ. ಸಂತೆಯಲ್ಲಿ ಮರಗೆಣಸಿನ ಕಡುಬು ಮಾರುವ ಅವಳು ಮಾತಿಗಿಂತ ಮುಖ ನೋಡುವವಳು. ದುಭಾಷಿಗೆ ಹೇಳಿದಳು:

"ನಿಮ್ಮ ದೊರೆ ಕಾಲ ಹತ್ರ ಹಾವಿದೆ ಅಂತ ಹೇಳಪ್ಪ."

ದುಭಾಷಿ ನಕ್ಕು ಏನೋ ಹೇಳಿದ. ಬಿಳಿಯನು ಕಾಲು ಕದಲಿಸಲಿಲ್ಲ. ತಲೆಯಾಡಿಸಿ ಲೇಖನಿ ಚಾಚಿದ.

"ನೋಡಿದ್ಯಾ ಅಣ್ಣ? ನಮ್ಮ ಮಾತು ಅವನಿಗೆ ಮುಟ್ಲಿಲ್ಲ. ಅವನ ಮಾತು ನಮಗೆ ಮುಟ್ಟಿದೆ ಅಂತ ಹ್ಯಾಗೆ ನಂಬೋದು?"

ಮಾವ ಲೇಖನಿ ಹಿಡಿಯಲಿಲ್ಲ. ಬಿಳಿಯ ಸಿಟ್ಟಾಗಲೂ ಇಲ್ಲ. ಮಾವನೊಬ್ಬನನ್ನೇ ದೋಣಿಯೊಳಗೆ ಕರೆದು ಸಾರಾಯಿ ಕುಡಿಸಿ ಕಳಿಸಿದ. ರುಜುವಿಗೆ ಪ್ರತಿಯಾಗಿ ಕೊಡಲೆಂದು ತಂದಿದ್ದ ಬಟ್ಟೆಯ ಗಂಟನ್ನು ದಂಡೆಯಲ್ಲೇ ಬಿಟ್ಟುಹೋದ. ಸರಕು ಸಿಗದವನು ಬೆಲೆ ಯಾಕೆ ಬಿಟ್ಟುಹೋದ ಎಂದು ಅಮ್ಮ ಗೊಣಗುತ್ತಲೇ ಇದ್ದಳು.

ಮೂರನೆಯ ವರ್ಷ ಬೇರೆ ಬಿಳಿಯರು ಬಂದೂಕಿನವರೊಂದಿಗೆ ಬಂದು ಬಾವುಟ ನೆಟ್ಟರು. ಹೊಲ, ಕಾಡು, ದೋಣಿಗಟ್ಟೆ ಎಲ್ಲ ತಮ್ಮದೆಂದು ಅದೇ ಕಾಗದ ತೋರಿಸಿದರು. ಅದರ ಬುಡದಲ್ಲಿ ಅಡ್ಡಕ್ಕೊಂದು ಉದ್ದಕ್ಕೊಂದು ಗೀಟು. ಅದು ನ್ಲಾಂಡುವಿನ ರುಜುವಂತೆ.

ದೋಣಿಯೊಳಗೆ ಏನು ನಡೆಯಿತೆಂದು ಕಂಡವರು ಯಾರೂ ಇರಲಿಲ್ಲ. ಮಾವ ಹತ್ತಿರ ಬಂದರೆ ಜನ ಮಾತು ನಿಲ್ಲಿಸತೊಡಗಿದರು. ಕೊನೆಗೆ ಅಮ್ಮನೇ ಕೇಳಿದಳು:

"ಕುಡಿದ ಮೇಲೆ ಕೈ ಹಿಡಿದು ಏನಾದ್ರೂ ಗೀಚಿಸಿದ್ನಾ ಅಣ್ಣ?"

"ನೀನೂ ಕೇಳ್ತೀಯಾ?" ಎಂದ ಮಾವ. ಎದ್ದು ನಿಂತು, "ತೊಗಟೆ ಅರೆಸು," ಎಂದ.

ನಮ್ಮಲ್ಲಿ ಕಾಸಾ ಮರದ ತೊಗಟೆಯ ವಿಷದ ರಸ ಕುಡಿದು ಕಕ್ಕಿದವನು ನಿರ್ದೋಷಿ, ಕಕ್ಕದವನು ಸಾಯುತ್ತಾನೆ. ಅಮ್ಮ ಅರೆಸಿ ಕೊಟ್ಟದ್ದನ್ನು ಮಾವ ಊರೆದುರು ಕುಡಿದ. ಕಾಲು ಸೋತು ಬಿದ್ದ. ಅಮ್ಮ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನೆತ್ತಿಗೆ ಬಿಸಿಲು ಬಂದಾಗ ಮಾವ ಕಕ್ಕಿದ. ಹಿರಿಯರು ಮೊಣಕಾಲೂರಿ ತಪ್ಪಾಯಿತೆಂದರು.

ಮರುದಿನ ಅಮ್ಮ ಬಾವುಟದ ಬುಡಕ್ಕೆ ಹೋಗಿ, ಕಾಗದ ಸುಳ್ಳು, ನಮ್ಮಣ್ಣ ಕಕ್ಕಿದ್ದಾನೆ ಎಂದಳು. ಅವರ ದುಭಾಷಿ ಅದನ್ನು ಏನೆಂದು ಹೇಳಿದನೋ, ಬಿಳಿಯರು ನಕ್ಕರು. ಆ ಮಳೆಗಾಲ ಮುಗಿಯುವ ಮೊದಲೇ ನಾವು ಊರು ಬಿಟ್ಟು ಗುಡ್ಡದ ಮೇಲಕ್ಕೆ ಹೋದೆವು.

ಮಾವ ಆಮೇಲೆ ಹತ್ತು ವರ್ಷ ಬದುಕಿದ. ನಮ್ಮ ಗುಡಿಸಲಿಗೆ ಬರುತ್ತಿದ್ದ, ಕೂರುತ್ತಿದ್ದ. ಆದರೆ ಅಮ್ಮ ಏನು ಬಡಿಸಿದರೂ, ಮೊದಲು ಅವಳು ಒಂದು ತುತ್ತು ತಿನ್ನುವ ತನಕ ಕೈ ಹಾಕುತ್ತಿರಲಿಲ್ಲ.