ಸೋಡಾ ಬೋರ್ಡಿನ ಗಿಳಿ

ಕಾಪು ಪೇಟೆಯಲ್ಲಿ ಎಂದೋ ಮುಚ್ಚಿದ ಅಂಗಡಿಯೊಂದರ ಮೇಲೆ ನೇತಾಡುತ್ತಿದ್ದ ಗಿಳಿ ಸೋಡಾದ ತಗಡಿನ ಬೋರ್ಡನ್ನು ನಾಲ್ಕು ತಿಂಗಳು ಕೂತು ಕ್ಯಾನ್ವಾಸಿಗೆ ಇಳಿಸಿದೆ. ತುಕ್ಕು, ಮೊಳೆಯ ತೂತು, ಎದ್ದು ಬಂದ ಬಣ್ಣ, ಒಂದನ್ನೂ ಬಿಡಲಿಲ್ಲ. ಗಿಳಿಯ ಕಣ್ಣಿನಿಂದ ಕೆಳಗಿಳಿದ ಕಪ್ಪು ಗೆರೆಯನ್ನೂ ಬಿಡಲಿಲ್ಲ. ಅದು ಮಳೆನೀರಿನ ಕಲೆ ಎಂದುಕೊಂಡಿದ್ದೆ. 'ಇದ್ದದ್ದನ್ನು ನೋಡಿ ಬರೆಯಿರಿ' ಎಂದು ಇಪ್ಪತ್ತು ವರ್ಷ ಶಾಲೆಯ ಮಕ್ಕಳಿಗೆ ಬೈದ ನನ್ನಂಥ ಡ್ರಾಯಿಂಗ್ ಟೀಚರಿಗೆ ಅಷ್ಟಾದರೂ ಹಟ ಬೇಡವೇ?

ಮಣಿಪಾಲದಲ್ಲಿ ನಡೆದ ನನ್ನ ಚಿತ್ರಪ್ರದರ್ಶನಕ್ಕೆ ಆ ಬೋರ್ಡು ಬರೆದ ಕಾರ್ಕಳದ ಉಮಾನಾಥಣ್ಣನನ್ನು ಕರೆಸಿದೆ. ಚಿತ್ರದ ಪಕ್ಕದ ಚೀಟಿಯಲ್ಲಿ 'ಮೂಲ ಬೋರ್ಡು: ಉಮಾನಾಥ, ಕಾರ್ಕಳ' ಎಂದು ಹೆಮ್ಮೆಯಿಂದ ಅಚ್ಚು ಹಾಕಿಸಿದ್ದೆ. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಹೆಂಡತಿ ಕುಶಲಕ್ಕನ ಜೊತೆ ಬಂದರು. ನೋಡಿದವರೆಲ್ಲ ಗಿಳಿಯನ್ನು ಹೊಗಳಿದ್ದೇ ಹೊಗಳಿದ್ದು. ಹೊಗಳಿಕೆ ಹೆಚ್ಚಿದಷ್ಟೂ ಉಮಾನಾಥಣ್ಣ ಕುಗ್ಗುತ್ತಾ ಹೋದರು.

"ಈ ಕಪ್ಪು ಗೆರೆ ಯಾಕೆ ಬರೆದದ್ದು ಟೀಚರ್?" ಕುಶಲಕ್ಕ ಮೆಲ್ಲಗೆ ಕೇಳಿದರು.

"ಮಳೆಯಲ್ಲಿ ಆದದ್ದಲ್ವಾ ಅಕ್ಕ? ಇದ್ದ ಹಾಗೆ ಬರೆದೆ."

"ಮಳೆ ಅಲ್ಲ. ಬೋರ್ಡನ್ನು ಗೋಡೆಗೆ ಆನಿಸಿ ಗಿಳಿಯ ಕಣ್ಣಿಗೆ ಕಪ್ಪು ಹಚ್ಚುತ್ತಿದ್ದೆ. ಮಗು ಅತ್ತಿತು, ಎತ್ತಿಕೊಳ್ಳಲು ಓಡಿದೆ. ತಿರುಗಿ ಬರುವಾಗ ಬಣ್ಣ ಸೋರಿ ಒಣಗಿತ್ತು."

ಬಾಯಿ ತಪ್ಪಿ ಬಂದ ಮಾತು. ಕೂಡಲೇ ಗಂಡನ ಮುಖ ನೋಡಿದರು. "ಬಿಡಿ, ಹಳೇ ಕಥೆ" ಎಂದು ಬಾಗಿಲಿನ ಕಡೆ ನಡೆದೇಬಿಟ್ಟರು.

"ಕುಶಲಾ, ನಿಲ್ಲು." ಉಮಾನಾಥಣ್ಣನ ದನಿ ಎಲ್ಲರಿಗೂ ಕೇಳಿಸಿತು. "ನನಗೆ ಬರುವುದು ಅಕ್ಷರ ಮಾತ್ರ ಟೀಚರ್. ಚಿತ್ರವೆಲ್ಲ ಇವಳದ್ದು. ಹೆಂಗಸು ಬರೆದದ್ದು ಅಂತ ಗೊತ್ತಾದರೆ ಕೆಲಸ ಸಿಗಲಿಕ್ಕಿಲ್ಲ ಅಂತ ಬಾಯಿ ಬಿಡಲಿಲ್ಲ. ಆಮೇಲೆ ಹೇಳಲಿಕ್ಕೆ ನಾಚಿಕೆ. ನಲವತ್ತು ವರ್ಷ ಹೀಗೇ ಹೋಯಿತು."

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಅವರ ಮುಖ ನೋಡಿದ ಮೇಲೆ ಆ ಸಿಟ್ಟನ್ನು ಇಟ್ಟುಕೊಳ್ಳಲು ಆಗಲಿಲ್ಲ, ಪಾಪ ಅನ್ನಿಸಿತು. ಚೀಟಿಯನ್ನು ಕಿತ್ತು, ಒಂದು ಬಿಳಿ ಕಾರ್ಡು, ಬ್ರಷ್ಷು, ಕಪ್ಪು ಬಣ್ಣ ತಂದು ಅವರ ಎದುರಿಟ್ಟೆ.

"ನೀವೇ ಬರೆದುಕೊಡಿ ಅಣ್ಣಾ."

'ಗಿಳಿ:' ಎಂದು ಬರೆದರು. ಮುಂದೆ ಹೆಂಡತಿಯ ಹೆಸರಿಗೆ ಬಂದಾಗ ಮೊದಲ ಅಕ್ಷರವೇ ಓರೆಯಾಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕುಶಲಕ್ಕ ವಾಪಸು ಬಂದರು. ಗಂಡನ ಮಣಿಕಟ್ಟಿನ ಕೆಳಗೆ ತಮ್ಮ ಅಂಗೈಯ ಆಸರೆ ಕೊಟ್ಟರು.

"ಎಂತ ಮಾರಾಯ್ರೇ," ಎಂದರು, "ಇಷ್ಟು ವರ್ಷಕ್ಕೆ ಬರೆಯುತ್ತಿದ್ದೀರಿ, ನೆಟ್ಟಗಾದರೂ ಬರೆಯಿರಿ."