ಗ್ಲೌಸಿನೊಳಗಿನ ಅರಳೆ

"ಅಣ್ಣಾ, ಅದೇನು ಹಣ್ಣೇ? ಹಿಸುಕಿದ್ದು ಸಾಕು ಬಿಡಿ. ಇನ್ನೊಂದು ಸಲ ಒತ್ತಿದ್ರೆ ಅದೇ ತಿರುಗಿ ನಿಮಗೆ ಗುದ್ದುತ್ತೆ ನೋಡಿ."

ಅಂಗಡಿಯಾಕೆ ನಗುತ್ತಲೇ ಹೇಳಿದಳು. ಹಾಸಿಗೆ ಹೊಲಿಯುವವನು ಬೆಚ್ಚಿ ಹೆಬ್ಬೆರಳನ್ನು ಹಿಂದಕ್ಕೆಳೆದುಕೊಂಡ. ಕೆಂಪು ಬಾಕ್ಸಿಂಗ್ ಗ್ಲೌಸಿನ ಗೆಣ್ಣಿನ ಜಾಗದಲ್ಲಿ ಅವನು ಒತ್ತಿದ್ದ ಗುಳಿ ಯಾವ ಅವಸರವೂ ಇಲ್ಲದೆ ಮೇಲೆದ್ದು ಬಂದು ಮೊದಲಿನಂತಾಯಿತು. ಅದು ಏಳುವುದನ್ನೇ ಅವನು ನೋಡುತ್ತಿದ್ದ. ಅರಳೆಯಾದರೆ ಹೀಗೆ ಏಳುವುದಿಲ್ಲ. ಮೊದಲ ಒತ್ತಿಗೆ ಏಳುತ್ತದೆ, ಹತ್ತನೆಯದಕ್ಕೂ ಏಳಬಹುದು, ಸಾವಿರನೆಯ ಒತ್ತಿಗೆ ಒಂದು ಕಡೆ ಸರಿದು ಕೂತುಬಿಡುತ್ತದೆ.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ಆಟದ ಸಾಮಾನಿನ ಅಂಗಡಿ ಅದು. ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊರಗೆ ಹೋಗಲು ಮೈ ಓರೆ ಮಾಡಬೇಕು. ಮೇಲಿನಿಂದ ಬಲೆಗಳಲ್ಲಿ ಚೆಂಡುಗಳು ಜೋತುಬಿದ್ದಿದ್ದವು. ರಬ್ಬರು, ಚರ್ಮ, ಹೊಸ ಬಟ್ಟೆಯ ಗಂಜಿ ಎಲ್ಲ ಕಲೆತ ವಾಸನೆ. ಅಂಗಡಿಯಾಕೆಗೆ ಐವತ್ತು ದಾಟಿರಬಹುದು. ಅವಳ ಮೂಗು ಯಾವಾಗಲೋ ನಡುವಿನಲ್ಲಿ ಮುರಿದು, ತನಗೆ ತೋಚಿದ ಹಾಗೆ ಕೂಡಿಕೊಂಡಿತ್ತು. ಆ ಮೂಗನ್ನು ನೋಡಿದವರು ಗ್ಲೌಸಿನ ವಿಷಯದಲ್ಲಿ ಅವಳೊಡನೆ ವಾದಕ್ಕಿಳಿಯುತ್ತಿರಲಿಲ್ಲ.

ಹಾಸಿಗೆಯವನ ಮಗಳು ಬಾಗಿಲ ಬಳಿಯ ಬೆಂಚಿನಲ್ಲಿ ಕೂತಿದ್ದಳು. ಹದಿನೇಳು ವರ್ಷ. ಚಳಿಯೇನೂ ಇರಲಿಲ್ಲವಾದರೂ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದಳು. ಆರು ವಾರದಿಂದ ಅವಳು ಕೂತಲ್ಲೆಲ್ಲ ಹೀಗೆಯೇ. ಕೈಗಳು ಯಾರದೋ ಸಾಮಾನು, ಕಾಯಲು ತನ್ನ ಬಳಿ ಬಿಟ್ಟುಹೋಗಿದ್ದಾರೆ ಎನ್ನುವ ಹಾಗೆ.

ಆರು ವಾರದ ಹಿಂದೆ ಒಂದು ಸಂಜೆ, ಇಬ್ಬಿಬ್ಬರು ಎದುರುಬದುರಾಗಿ ಆಡುವ ಅಭ್ಯಾಸದಲ್ಲಿ, ಅವಳ ಬಲಗೈಯ ಹೊಡೆತ ಗೆಳತಿಯ ಎಡಗಣ್ಣಿಗೆ ಬಿದ್ದಿತ್ತು. ಗೆಳತಿಯನ್ನು ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಇಬ್ಬರೂ ಒಂದೇ ದಿನ ಬಾಕ್ಸಿಂಗ್ ಕಲಿಯಲು ಸೇರಿದವರು, ಒಂದೇ ಬಾಟಲಿಯ ನೀರು ಕುಡಿದವರು. ಎರಡು ಆಪರೇಷನ್ ಆದವು. ಗುಬ್ಬಿಯ ಆ ಕಣ್ಣಿಗೆ ನೋಟ ಮರಳಲಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ, ಆಟದಲ್ಲಿ ಹೀಗೂ ಆಗುವುದುಂಟು ಎಂದು ಕೋಚ್ ಹೇಳಿದರು, ಡಾಕ್ಟರ್ ಹೇಳಿದರು, ಗುಬ್ಬಿಯ ತಾಯಿ ಕೂಡ ಅಳುತ್ತಲೇ ಹೇಳಿದಳು. ಮಗಳು ಮಾತ್ರ ಒಪ್ಪಲಿಲ್ಲ. ಅವತ್ತು ಬೆಳಿಗ್ಗೆ ತಮ್ಮಿಬ್ಬರಿಗೂ ಏನೋ ಮುನಿಸಾಗಿತ್ತು, ಆ ಸಿಟ್ಟು ತನ್ನ ಕೈಗಿಳಿಯಿತು ಎಂದು ಕೇಳಿದವರಿಗೆಲ್ಲ ಹೇಳಿದಳು. ಆಮೇಲೆ ಅಭ್ಯಾಸಕ್ಕೂ ಹೋಗಲಿಲ್ಲ, ಗುಬ್ಬಿಯ ಮನೆಗೂ ಹೋಗಲಿಲ್ಲ.

ಹಾಸಿಗೆಯವನಿಗೆ ಗೊತ್ತಿದ್ದದ್ದೇ ಬೇರೆ.

ಅವತ್ತು ಮಗಳ ಕೈಯಲ್ಲಿದ್ದ ಗ್ಲೌಸು ಯಾರೋ ಹಿರಿಯ ಹುಡುಗಿ ಬಿಟ್ಟುಹೋದದ್ದು. ಒಳಗಿನ ಫೋಮು ಸತ್ತು ಚಪ್ಪಟೆಯಾಗಿತ್ತು. ಇದನ್ನು ಹಾಕಿಕೊಂಡು ಯಾರ ಎದುರಿಗೂ ನಿಲ್ಲಬೇಡ, ಬೇರೆ ತಗೋ ಎಂದು ಕೋಚ್ ಹೇಳಿ ಕಳಿಸಿದಾಗ ಅವನಿಗೆ ಎಲ್ಲಿಲ್ಲದ ಹುಮ್ಮಸ್ಸು ಬಂದಿತ್ತು. "ಊರಿಗೆಲ್ಲ ಮೆತ್ತಗೆ ಮಾಡಿಕೊಡೋ ಅಪ್ಪ ಮನೇಲಿರುವಾಗ ಅಂಗಡಿಗ್ಯಾಕೆ ಹೋಗ್ಬೇಕು?" ಎಂದು ಅಂದೇ ಹೊಲಿಗೆ ಬಿಚ್ಚಿದ್ದ. ಮಗಳ ಕೈ ನೋಯಬಾರದು, ಅವನ ತಲೆಯಲ್ಲಿದ್ದದ್ದು ಅಷ್ಟೇ. ತನ್ನಲ್ಲಿದ್ದ ಒಳ್ಳೆಯ ಅರಳೆಯನ್ನು ಎರಡು ಸಲ ಹಿಂಜಿ, ಪದರ ಪದರವಾಗಿ ಕೂರಿಸಿ, ಸಣ್ಣ ದಬ್ಬಳದಲ್ಲಿ ಹೊಲಿದ. ಎಲ್ಲಿ ಬಿಚ್ಚಿದ್ದು, ಎಲ್ಲಿ ಹೊಲಿದದ್ದು ಎಂದು ಹುಡುಕಿದರೂ ಸಿಗಬಾರದು, ಹಾಗೆ. ಮಗಳು ಹಾಕಿಕೊಂಡು, "ಅಪ್ಪಾ, ಮೋಡದೊಳಗೆ ಕೈಯಿಟ್ಟ ಹಾಗಿದೆ" ಎಂದು ಅವನ ಹೊಟ್ಟೆಗೇ ಎರಡು ಗುದ್ದಿದ್ದಳು. ಉಬ್ಬಿ ನಿಂತಿದ್ದ ಗ್ಲೌಸನ್ನು ನೋಡಿ ಕೋಚ್ ಕೂಡ ಹೊಸ ಫೋಮು ಹಾಕಿಸಿದ್ದಾರೆ ಎಂದುಕೊಂಡರು.

ಗುಬ್ಬಿ ಆಸ್ಪತ್ರೆ ಸೇರಿದ ಮೂರನೆಯ ದಿನ, ಮಗಳು ಕಾಲೇಜಿಗೆ ಹೋಗಿದ್ದ ಹೊತ್ತಿನಲ್ಲಿ, ಅವನು ಅದೇ ಹೊಲಿಗೆಯನ್ನು ಮತ್ತೆ ಬಿಚ್ಚಿದ್ದ. ಬೆವರು ಕುಡಿದ ಅರಳೆ ಗಂಟುಗಂಟಾಗಿ ಅರ್ಧ ಬೆರಳ ತುದಿಗೂ ಅರ್ಧ ಮಣಿಕಟ್ಟಿಗೂ ಸರಿದಿತ್ತು. ಗೆಣ್ಣಿನ ಮೇಲೆ ಬರೀ ಚರ್ಮ. ನೆನೆದ ಅರಳೆ ಗಟ್ಟಿಯಾಗುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಹಾಸಿಗೆಗೆ ತೇವ ಸೋಕಿಸಬೇಡಿ, ಬಿಸಿಲು ಕಂಡ ಕೂಡಲೇ ಹೊರಗೆ ಹಾಕಿ ಎಂದು ನಲವತ್ತು ವರ್ಷದಿಂದ ಮನೆಮನೆಗೂ ಹೇಳುತ್ತ ಬಂದವನು. ಗ್ಲೌಸಿನೊಳಗೆ ಕೈ ಬೆವರುತ್ತದೆ ಎಂಬುದೊಂದು ಅವನಿಗೆ ಹೊಳೆದಿರಲಿಲ್ಲ. ಆ ಗಂಟುಗಳನ್ನೆಲ್ಲ ಕಿತ್ತು ಒಲೆಗೆ ಹಾಕಿದ. ಉರಿ ಹತ್ತದೆ ಬಹಳ ಹೊತ್ತು ಹೊಗೆಯಾಡಿದವು. ಅಂದಿನಿಂದ ದಿನಾ ಹೇಳಿಬಿಡಬೇಕೆಂದು ಹೊರಡುತ್ತಿದ್ದ; ಮಗಳ ಮುಖ ಕಂಡರೆ ಬೇರೇನೋ ಕೇಳಿ ಎದ್ದುಬಿಡುತ್ತಿದ್ದ. ಹೇಳಿದರೆ ಅವಳು ಅಪ್ಪನನ್ನು ಇನ್ನು ಹೇಗೆ ನೋಡುತ್ತಾಳೋ ಎಂಬ ಭಯ. ಹೇಳದಿದ್ದರೆ ಅವಳು ಹೀಗೆ ಕೈ ಬಚ್ಚಿಟ್ಟುಕೊಂಡೇ ಮುದುಕಿಯಾಗುತ್ತಾಳೆ.

ನಿನ್ನೆ ಕೋಚ್ ಮನೆಗೆ ಬಂದು, "ಹೀಗೇ ಕೂರಿಸಿದ್ರೆ ಈ ಹುಡುಗಿ ಕೈಗೆ ಸಿಗಲ್ಲ ನೋಡಿ. ಸರಿಯಾದ ಗ್ಲೌಸ್ ಕೊಡಿಸಿ ಕಳಿಸಿ" ಎಂದಿದ್ದರು. ಬರುತ್ತೇನೆ ಎಂದು ಮಗಳು ಒಂದೇ ಮಾತಿಗೆ ಒಪ್ಪಿದ್ದು ಅವನಿಗೆ ಸೋಜಿಗವಾಗಿತ್ತು. ಯಾಕೆ ಒಪ್ಪಿದಳೆಂಬುದು ಈಗ ತಿಳಿಯಿತು.

"ಅಕ್ಕಾ," ಎಂದಳು ಮಗಳು ಬೆಂಚಿನಿಂದ ಏಳದೆ, "ನಿಮ್ಮಲ್ಲಿ ಎಲ್ಲಕ್ಕಿಂತ ಭಾರದ್ದು ಯಾವುದಿದೆ?"

"ಹದಿನೆಂಟು ಔನ್ಸಿಂದು ಒಂದು ಜೊತೆ ಇದೆ. ಆನೆಯಂಥ ಗಂಡಸರು ಹಾಕ್ಕೊಳ್ಳೋದು ಅದು. ನಿನಗ್ಯಾಕಮ್ಮಾ?"

"ಅದೇ ಕೊಡಿ."

"ನೀನು ಹೊಟ್ಟೆ ತುಂಬ ತಿಂದು ನಿಂತ್ರೂ ಐವತ್ತೈದು ಕೇಜಿ ತೂಗಲ್ಲ. ತೂಗುಹಾಕಿದ ಬ್ಯಾಗಿಗೆ ಗುದ್ದೋಕೆ ಹನ್ನೆರಡು ಸಾಕು. ಎದುರಿಗೆ ಆಳು ನಿಂತ್ರೆ ಹದಿನಾಲ್ಕು. ಹದಿನೆಂಟು ಹಾಕ್ಕೊಂಡ್ರೆ ನೀನು ಗ್ಲೌಸ್ ಹೊತ್ತ ಹಾಗಲ್ಲ, ಗ್ಲೌಸೇ ನಿನ್ನ ಹೊತ್ಕೊಂಡು ಹೋಗುತ್ತೆ."

ಮಗಳು ನಗಲಿಲ್ಲ. ಅಂಗಡಿಯಾಕೆ ಅವಳ ಮುಖವನ್ನು ಒಮ್ಮೆ, ಅಪ್ಪನ ಮುಖವನ್ನು ಒಮ್ಮೆ ನೋಡಿ, ಮೇಲಿನ ಸಾಲಿನಿಂದ ದೊಡ್ಡ ಕಪ್ಪು ಗ್ಲೌಸನ್ನು ಇಳಿಸಿದಳು. ಬರಿಗೈಗೆ ಹಾಕಿ ನೋಡುವುದು ಲೆಕ್ಕಕ್ಕಿಲ್ಲ ಎಂದು ಮೊದಲು ಕೈಪಟ್ಟಿ ಸುತ್ತಿಸಿದಳು. ಪಟ್ಟಿ ಸುತ್ತಿಕೊಳ್ಳುವಾಗ ಮಗಳ ಬೆರಳುಗಳು ಮರೆತಿರಲಿಲ್ಲ. ಹೆಬ್ಬೆರಳಿಗೊಂದು ಸುತ್ತು, ಮಣಿಕಟ್ಟಿಗೆ ಮೂರು, ಬೆರಳ ಸಂದಿಗಳಲ್ಲಿ ಒಂದೊಂದು, ತಾವಾಗಿಯೇ ಓಡಿದವು. ಗ್ಲೌಸಿನೊಳಗೆ ಕೈ ಇಳಿದದ್ದೇ ತೋಳು ಕೆಳಕ್ಕೆ ಜಗ್ಗಿತು.

"ಮುಷ್ಟಿ ಕಟ್ಟು."

ಕಟ್ಟಿದಳು. ಅಂಗಡಿಯಾಕೆ ಹೊರಗಿನಿಂದ ಹಿಡಿದು ಅಲ್ಲಾಡಿಸಿದಳು. ಒಳಗೆ ಕೈ ಒಂದು ಕಡೆ, ಗ್ಲೌಸು ಇನ್ನೊಂದು ಕಡೆ ಹೊರಳಿತು.

"ನೋಡು, ಬೆರಳು ತುದಿ ಮುಟ್ಟಿಲ್ಲ. ಹೆಬ್ಬೆರಳು ಎಲ್ಲೋ ಅಲೀತಿದೆ. ಹೀಗೆ ಗುದ್ದಿದ್ರೆ ನಿನ್ನ ಮಣಿಕಟ್ಟೇ ಮುರಿಯೋದು."

"ಮುರೀಲಿ."

ಅಂಗಡಿಯಾಕೆಯ ಮುಖದ ನಗು ಹೋಯಿತು. ಕೌಂಟರಿನ ಆಚೆಯಿಂದ ಈಚೆ ಬಂದು ಬೆಂಚಿನಲ್ಲಿ ಅವಳ ಪಕ್ಕ ಕೂತಳು.

"ಇದೆಲ್ಲ ನಿನ್ನ ಕೈ ಉಳಿಸೋಕೆ ಅಂದ್ಕೊಂಡಿದ್ದೀಯಾ ಮರೀ? ಕೈಗೆ ಆ ಪಟ್ಟಿ ಇದೆ. ಒಳಗೆ ತುಂಬಿರೋ ಈ ಮೆತ್ತೆ ಎದುರಿಗೆ ನಿಂತವಳ ಮುಖಕ್ಕೆ. ಕಾಸು ನಿಂದು, ಕೈ ನಿಂದು, ಮೆತ್ತೆ ಮಾತ್ರ ಅವಳದು."

"ಗೊತ್ತು ಅಕ್ಕಾ. ಅದಕ್ಕೇ ಭಾರದ್ದು ಕೇಳ್ತಿರೋದು. ನನ್ನ ಕೈ ಮೇಲೇಳಬಾರದು."

ಹಾಸಿಗೆಯವನು ಕೌಂಟರಿನ ಅಂಚನ್ನು ಹಿಡಿದುಕೊಂಡ. ಮಗಳ ಕೈ ಮೆತ್ತಗಿರಲಿ ಎಂದು ಹಗಲೆಲ್ಲ ಕೂತು ಹೊಲಿದಿದ್ದ. ಎದುರಿನವಳ ಮುಖ ಆ ಹೊತ್ತು ಅವನ ಕಣ್ಣ ಮುಂದೆ ಒಂದು ಸಲವೂ ಬಂದಿರಲಿಲ್ಲ.

"ನಿನ್ನ ಕೈಯದಲ್ಲ ಕಣೇ ತಪ್ಪು," ಎಂದ. ದನಿ ತನ್ನದಲ್ಲವೆನ್ನುವಷ್ಟು ಸಣ್ಣಗಿತ್ತು. "ನನ್ನದು. ಆ ಗ್ಲೌಸ್ ಬಿಚ್ಚಿ ನೋಡ್ದೆ ನಾನು. ಅರಳೆ ಎಲ್ಲ ಗಂಟಾಗಿ ಸರಿದುಹೋಗಿತ್ತು. ಗೆಣ್ಣಿನ ಮೇಲೆ ಏನೂ ಇರ್ಲಿಲ್ಲ ಮಗಾ, ಏನೇನೂ ಇರ್ಲಿಲ್ಲ. ಆ ಕೂಸಿನ ಕಣ್ಣು ನಾನು ತೆಗೆದದ್ದು. ನಿಂಗೆ ಹೇಳೋಕೆ... ಆಗ್ಲಿಲ್ಲ ನನ್ನ ಕೈಲಿ."

ಹೇಳಿ ಮುಗಿಸಿ, ಹೊಡೆತಕ್ಕೆ ಕಾಯುವವನಂತೆ ತಲೆ ತಗ್ಗಿಸಿ ನಿಂತ. ಮಗಳು ಕಪ್ಪು ಗ್ಲೌಸಿನ ಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಸಡಿಲಿಸಿದಳು. ಒಂದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಇನ್ನೊಂದನ್ನು ತೆಗೆಯಲಿಲ್ಲ.

"ನಂಗೊತ್ತಿತ್ತು ಅಪ್ಪ," ಎಂದಳು.

ಅವನಿಗೆ ಅರ್ಥವಾಗಲಿಲ್ಲ.

"ಅದಾಗೋಕೆ ಒಂದು ವಾರ ಮುಂಚಿನಿಂದ್ಲೇ ಒಳಗೆ ಗಂಟು ಸಿಗ್ತಿತ್ತು. ಬ್ಯಾಗಿಗೆ ಹೊಡೆದ್ರೆ ಗೆಣ್ಣಿಗೇ ತಾಗೋದು. ಕೋಚ್‌ಗೆ ತೋರಿಸಿದ್ರೆ ಎಸೀ ಅಂತಿದ್ರು. ನೀನು ಹಾಸಿಗೆ ಕೊಟ್ಟ ಮನೆಯವರಿಗೆಲ್ಲ ಹೇಳ್ಕೊಂಡು ಬರ್ತಿದ್ದೆ, ನನ್ನ ಮಗಳ ಗ್ಲೌಸ್ ತುಂಬಿದ್ದು ನಾನೇ ಅಂತ. ಇದು ಸರಿ ಇಲ್ಲ ಅಂತ ನಿಂಗೆ ಹೇಗೆ ಹೇಳ್ಲಿ? ಇವತ್ತೊಂದು ದಿನ, ಇವತ್ತೊಂದು ದಿನ ಅಂತ ತಳ್ಳಿದೆ."

"ಮತ್ತೆ... ಮುನಿಸಾಗಿತ್ತು ಅಂದ್ಯಲ್ಲ? ಸಿಟ್ಟು..."

"ಸಿಟ್ಟೆಲ್ಲಿತ್ತು? ಬೆಳಿಗ್ಗೆ ಅವಳೂ ನಾನೂ ಒಂದೇ ಸೈಕಲ್ಲಲ್ಲಿ ಬಂದಿದ್ವಿ. ಯಾರೂ ಗ್ಲೌಸ್ ಬಿಚ್ಚಿ ನೋಡಬಾರದು ಅಂತ ಹಾಗೆ ಹೇಳಿದ್ದು." ಅವಳ ದನಿ ಒಡೆಯಲಿಲ್ಲ. ಮನೆಯ ಸಾಮಾನಿನ ಪಟ್ಟಿ ಓದುವ ಹಾಗೆ ಸಪಾಟಾಗಿತ್ತು. "ನಿಂಗಾದ್ರೂ ಗೊತ್ತಿರ್ಲಿಲ್ಲ ಅಪ್ಪ. ನಾನು ಗೊತ್ತಿದ್ದೂ ಹೊಡೆದೆ."

ಅಂಗಡಿಯಾಕೆ ಎದ್ದು ಒಳಗೆ ಹೋಗಿ, ಬೇಡದಿದ್ದರೂ ಡಬ್ಬಗಳನ್ನು ಎತ್ತಿ ಇಡುವ ಸದ್ದು ಮಾಡಿದಳು. ಓಣಿಯಲ್ಲಿ ಬಸ್ಸೊಂದು ಹಿಂದಕ್ಕೆ ಬರುತ್ತ ಹಾರ್ನ್ ಹೊಡೆಯಿತು. ಅಪ್ಪ ಮಗಳು ಆರು ವಾರ ಒಂದೇ ಸೂರಿನ ಕೆಳಗೆ, ಎರಡು ತಟ್ಟೆಯಿಟ್ಟುಕೊಂಡು ಎದುರುಬದುರು ಕೂತು ಉಂಡಿದ್ದರು. ಅವಳು ಇವನನ್ನು ಕಾಪಾಡುತ್ತಿದ್ದಳು, ಇವನು ಅವಳಿಂದ ತಪ್ಪಿಸಿಕೊಳ್ಳುತ್ತಿದ್ದ. ಹಾಸಿಗೆಯವನು ಮೊಣಕಾಲೂರಿ ಕೂತು, ಅವಳ ಇನ್ನೊಂದು ಕೈಯ ಗ್ಲೌಸನ್ನು ತಾನೇ ಬಿಚ್ಚಿದ. ಅವಳು ಕೈಯನ್ನು ಅವನ ಕೈಲಿ ಬಿಟ್ಟಳು, ಆದರೆ ಕಣ್ಣು ಬೀದಿಯ ಕಡೆಗಿತ್ತು.

ಅಂಗಡಿಯಾಕೆ ಒಳಗಿನಿಂದ ಬಂದು ಹದಿನಾಲ್ಕು ಔನ್ಸಿನ ಜೊತೆಯೊಂದನ್ನು ಬೆಂಚಿನ ಮೇಲಿಟ್ಟಳು. ಕಂದು ಬಣ್ಣ, ಯಾವ ಥಳಕೂ ಇಲ್ಲ. ಮಗಳು ಹಾಕಿಕೊಂಡಳು. ಬೆರಳು ತುದಿ ಮುಟ್ಟಿತು, ಮುಷ್ಟಿ ತಾನಾಗಿ ಮುಚ್ಚಿಕೊಂಡಿತು. ಅಂಗಡಿಯಾಕೆ ತನ್ನ ಕೆನ್ನೆ ತೋರಿಸಿ, "ಇಲ್ಲಿ ತಾಗಿಸು, ಮೆಲ್ಲಗೆ" ಎಂದಳು. ಮಗಳು ಹಿಂಜರಿದಳು. ಆಮೇಲೆ ಕೈಯೆತ್ತಿ, ಹಸುಗೂಸಿನ ಕೆನ್ನೆ ಮುಟ್ಟುವ ಹಾಗೆ, ಒಮ್ಮೆ ತಾಗಿಸಿದಳು.

"ಇದು ಆಗುತ್ತೆ," ಎಂದಳು ಮಗಳು. ಅದರಲ್ಲಿ ಸಂತೋಷವೇನೂ ಇರಲಿಲ್ಲ.

ಹೊರಗೆ ಬಂದ ಮೇಲೆ ಅವಳು ಎರಡು ಹೆಜ್ಜೆ ಮುಂದೆಯೇ ನಡೆದಳು. ನಾಲ್ಕು ರಸ್ತೆ ಕೂಡುವಲ್ಲಿ ಅಭ್ಯಾಸ ನಡೆಯುವ ಜಾಗಕ್ಕೆ ಎಡಕ್ಕೆ ತಿರುಗಬೇಕು. ಅವಳು ಬಲಕ್ಕೆ ತಿರುಗಿದಳು.

"ಆ ಕಡೆ ಎಲ್ಲಿಗೇ?"

"ಗುಬ್ಬಿ ಮನೆಗೆ."

"ಈಗ್ಲೇ?"

"ಮತ್ಯಾವಾಗ?"

"ಅಲ್ಲಿ ಏನಂತ ಹೇಳೋದು ಮಗಾ?"

ಅವಳು ನಿಂತಳು, ತಿರುಗಲಿಲ್ಲ. "ನಂದು ನಾನು ಹೇಳ್ತೀನಿ. ನಿಂದು ನೀನು ನೋಡ್ಕೋ. ಬರದಿದ್ರೂ ಪರವಾಗಿಲ್ಲ."

ಅವನೂ ಅವಳ ಹಿಂದೆಯೇ ಹೋದ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮನೆ, ಕಡಿದಾದ ಮೆಟ್ಟಿಲು. ಮೇಲಿನ ಮೆಟ್ಟಿಲ ತುದಿಯಲ್ಲಿ ಇಬ್ಬರು ನಿಲ್ಲುವಷ್ಟೇ ಜಾಗ. ಮಗಳು ಬಾಗಿಲು ಬಡಿದಳು. ಒಳಗೆ ಏನೋ ಪಾತ್ರೆ ಬಿದ್ದ ಸದ್ದು, ಯಾರೋ ತನ್ನನ್ನೇ ಬೈದುಕೊಂಡದ್ದು ಕೇಳಿಸಿತು. ಬಾಗಿಲು ತೆರೆದವಳು ಗುಬ್ಬಿಯೇ. ಕೈಯಲ್ಲಿ ಲೋಟ, ಅಂಗಿಯ ಮುಂಭಾಗವೆಲ್ಲ ನೀರು. ಕಣ್ಣಿಗೆ ಕಟ್ಟಿದ್ದ ಬಟ್ಟೆ ತೆಗೆದಿದ್ದರು. ಎರಡೂ ಕಣ್ಣು ತೆರೆದೇ ಇದ್ದವು, ನೋಡಿದರೆ ಯಾವುದು ಯಾವುದೆಂದು ಗೊತ್ತಾಗುತ್ತಿರಲಿಲ್ಲ.

"ಅಂತೂ ದಾರಿ ಸಿಕ್ತಾ ಮಹಾರಾಣೀಗೆ?" ಎಂದಳು. "ನೀರು ಬಗ್ಗಿಸ್ತಿದ್ದೆ. ಲೋಟ ಒಂದು ಕಡೆ, ನೀರು ಇನ್ನೊಂದು ಕಡೆ. ದಿನಾ ಇದೇ ಆಟ." ಮಗಳ ಕೈಯಲ್ಲಿದ್ದ ಚೀಲವನ್ನು ನೋಡಿದಳು, ಅವಳ ಮುಖವನ್ನು ನೋಡಿದಳು, ಅವಳ ಹಿಂದಿನ ಮೆಟ್ಟಿಲುಗಳನ್ನು ನೋಡಿದಳು. "ಒಬ್ಬಳೇ ಬಂದ್ಯಾ?"

ಹಾಸಿಗೆಯವನು ಗುಬ್ಬಿಯ ಎಡಗಡೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ, ಬಾಗಿಲ ಚೌಕಟ್ಟಿಗೆ ಅಂಟಿಕೊಂಡು ನಿಂತಿದ್ದ. ಮಗಳು ಅವನ ಕಡೆ ತಿರುಗಿ ನೋಡಲಿಲ್ಲ. ಕೆಳಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

ಅವನು ಮಗಳ ಬೆನ್ನ ಹಿಂದಿನಿಂದ, ಮೆಟ್ಟಿಲ ಕಟಾಂಜನದ ಕಂಬಿ ಹಿಡಿದುಕೊಂಡು, ಎರಡು ಮೆಟ್ಟಿಲು ಇಳಿದು ಮತ್ತೆರಡು ಹತ್ತಿ, ಗುಬ್ಬಿಯ ಬಲಗಡೆಗೆ ಬಂದು ನಿಂತ.