ಎರಡೇ ಲೈಟು ಸಾಕು ಅಪ್ಪಾಜಿ

ಬೋಗಾದಿಯಲ್ಲಿ ಈ ಸುಮಿತ್ರಮ್ಮನ ಗಂಡ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ಲೈಟಿಂಗ್ ಲಿಂಗಯ್ಯ ಎನ್ನಿ, ಮನೆ ಬಾಗಿಲವರೆಗೂ ತಂದು ಬಿಡುತ್ತಾರೆ. ನಮ್ಮ ಯಜಮಾನರು ದಸರಾ ದೀಪಾಲಂಕಾರದ ಕೆಲಸದವರು. ನವರಾತ್ರಿಗೆ ಮುಂಚೆ ಏಣಿ ಹತ್ತಿದರೆ ಜಂಬೂಸವಾರಿ ಮುಗಿಯುವವರೆಗೂ ಇಳಿಯುವುದಿಲ್ಲ. ಪರವೂರಿನ ಜನ ಸರ್ಕಲ್ಲಿನಲ್ಲಿ ನಿಂತು ಬಾಯಿ ಬಿಟ್ಟುಕೊಂಡು ನೋಡುವಾಗ, ಇದನ್ನು ಕಟ್ಟಿದ್ದು ನಮ್ಮವರು ಎಂದು ಕೂಗಿ ಹೇಳಬೇಕೆನಿಸುತ್ತದೆ ನನಗೆ. ಜಂಬ ಎಂದರೆ ಜಂಬವೇ, ಇರಲಿ.

ಇಂಥವರಿಗೆ ಒಂದು ಮೋಟಾರ್ ಬೈಕು ಯಾವ ಲೆಕ್ಕ? ಅವರೂ ಹಾಗೇ ಅಂದುಕೊಂಡರು. ಎಡವಟ್ಟಾಗಿದ್ದೇ ಅಲ್ಲಿ.

ನಮ್ಮ ಮಗಳು ತನುಶ್ರೀಗೆ ಮಂಡಕಳ್ಳಿ ವಿಮಾನ ನಿಲ್ದಾಣದ ಕ್ಯಾಂಟೀನಿನಲ್ಲಿ ಕೆಲಸ. ಈ ವರ್ಷ ಅವಳನ್ನೇ ಬೆಳಗಿನ ಶಿಫ್ಟಿಗೆ ಮುಖ್ಯಸ್ಥೆ ಮಾಡಿದ್ದಾರೆ. ನಸುಕಿನಲ್ಲೇ ಅಪ್ಪನ ಹಳೇ ಬೈಕು ಹತ್ತಿ ರಿಂಗ್ ರೋಡ್ ಹಿಡಿಯುತ್ತಾಳೆ. ಆ ಬೈಕಿನ ಹೆಡ್‌ಲೈಟೋ, ಉರಿಯುತ್ತಿದೆಯೇ ಎಂದು ಬೆಂಕಿಕಡ್ಡಿ ಗೀರಿ ನೋಡಬೇಕು. ಧನುರ್ಮಾಸದ ಒಂದು ಬೆಳಿಗ್ಗೆ ಮಂಜಿನಲ್ಲಿ ರಸ್ತೆಗೆ ಅಡ್ಡ ಮಲಗಿದ್ದ ಎಮ್ಮೆ ಕಾಣದೆ ಬ್ರೇಕ್ ಹಾಕಿ ಬಿದ್ದಳು. ಮೊಣಕೈ ತರಚಿತ್ತು, ಅಷ್ಟೇ. ಆದರೆ ಇವರು ಅಂದೇ ತೀರ್ಪು ಕೊಟ್ಟುಬಿಟ್ಟರು. ಬೈಕಿಗೆ ತಾವೇ ಲೈಟು ಹಾಕಿಕೊಡುತ್ತಾರಂತೆ. ಆಮೇಲೂ ಕತ್ತಲಲ್ಲಿ ಏನಾದರೂ ತೊಂದರೆಯಾದರೆ ಅವಳು ಆ ಶಿಫ್ಟು ಬಿಡಬೇಕಂತೆ. ಶಿಫ್ಟು ಬಿಟ್ಟರೆ ಮುಖ್ಯಸ್ಥೆಯ ಜಾಗವೂ ಹೋಗುತ್ತದೆ. ಅವಳು ಮುಖ ಗಂಟಿಕ್ಕಿಕೊಂಡೇ ಒಪ್ಪಿದಳು.

ಭಾನುವಾರ ಇವರು ಹಳೇ ಸಾಮಾನಿನ ಗಂಟು ಬಿಚ್ಚಿ ನಾಲ್ಕು ದಪ್ಪ ಲೈಟು ತೆಗೆದರು. ನಾಲ್ಕನ್ನೂ ಹೆಡ್‌ಲೈಟಿನ ವೈರಿಗೇ ಸೇರಿಸಿ ಬೈಕು ಸ್ಟಾರ್ಟ್ ಮಾಡಿದರೆ, ಎದುರುಮನೆ ಶಿವರುದ್ರಪ್ಪನವರ ಗೋಡೆಯೆಲ್ಲ ಬೆಳ್ಳಗಾಯಿತು. ಇವರು ಮೀಸೆ ತಿರುವಿದರು. ಮಾರನೇ ದಿನ ಬೋಗಾದಿ ದಾಟುವ ಮುಂಚೆಯೇ ಫ್ಯೂಸ್ ಸುಟ್ಟು, ಹೊಸ ಲೈಟಿನ ಜೊತೆ ಹೆಡ್‌ಲೈಟೂ ಆರಿಹೋಯಿತು. ಕಗ್ಗತ್ತಲಲ್ಲಿ ತನುಶ್ರೀ ಬೈಕು ತಳ್ಳಿಕೊಂಡು ವಾಪಸ್ ಬಂದಳು.

ಇವರು ಸುಮ್ಮನಿದ್ದರೆ ಲಿಂಗಯ್ಯ ಹೇಗಾದಾರು? ಫ್ಯೂಸ್ ಕಿತ್ತೆಸೆದು ಆ ಜಾಗಕ್ಕೆ ದಪ್ಪ ತಾಮ್ರದ ತಂತಿ ಸುತ್ತಿದರು. ಇನ್ನು ಹೇಗೆ ಸುಡುತ್ತದೋ ನೋಡೇ ಬಿಡೋಣ ಎಂದರು. ಕಂಬದ ಮೇಲೆ ಅವಸರಕ್ಕೆ ಹಾಗೆ ಮಾಡಿ ಮಾಡಿ ಅಭ್ಯಾಸವಾಗಿಹೋಗಿದೆ. ತನುಶ್ರೀ ಬಂದು ಆ ತಂತಿಯನ್ನು ಎಳೆದು ಹಾಕಿದಳು. ಇವರ ಕೆಲಸಕ್ಕೆ ಯಾರೂ ಹಾಗೆ ಕೈ ಹಾಕಿದ್ದನ್ನು ನಾನು ಕಂಡಿರಲಿಲ್ಲ.

"ಫ್ಯೂಸ್ ಸುಡದಿದ್ರೆ ವೈರು ಸುಡುತ್ತೆ ಅಪ್ಪಾಜಿ, ಅದರ ಮೇಲೇ ಪೆಟ್ರೋಲ್ ಟ್ಯಾಂಕಿದೆ," ಎಂದಳು. "ದಸರಾಕ್ಕೆ ನಿಮ್ಗೆ ಇಡೀ ಊರಿನ ಲೈನ್ ಸಿಗುತ್ತೆ. ಈ ಬೈಕು ತನಗೆ ಬೇಕಾದ ಕರೆಂಟ್‌ನ ತಾನೇ ಹುಟ್ಟಿಸ್ಕೋಬೇಕು. ಎರಡೇ ಲೈಟು ಸಾಕು, ನಾನೇ ಹಾಕ್ಕೋತೀನಿ."

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಊರಿಗೆಲ್ಲ ಹೇಳುವವರು ನೀವೇ ಅಲ್ಲವೇನ್ರೀ ಎಂದು ನಾನೂ ಒಂದು ಚುಚ್ಚಿದೆ. ಇವರು ಪೇಪರ್ ಹಿಡಿದುಕೊಂಡು ಜಗಲಿಗೆ ಹೋಗಿ ಕೂತರು. ಸಂಜೆಯವರೆಗೂ ಅದರ ಒಂದು ಪುಟವೂ ಮಗುಚಲಿಲ್ಲ.

ತನುಶ್ರೀ ಎರಡು ಪುಟ್ಟ ಎಲ್‌ಇಡಿ ಲೈಟು ತಂದಿದ್ದಳು. ಇವರ ಆ ನಾಲ್ಕು ಲೈಟಿನಲ್ಲಿ ಒಂದು ಕುಡಿಯುವಷ್ಟು ಕರೆಂಟು ಈ ಎರಡಕ್ಕೂ ಸೇರಿ ಬೇಕಿಲ್ಲವಂತೆ. ಹೆಡ್‌ಲೈಟಿನ ವೈರಿನ ಮೇಲೆ ಭಾರ ಹಾಕದೆ ಬ್ಯಾಟರಿಯಿಂದಲೇ ಬೇರೆ ವೈರ್ ಎಳೆದು, ಅದರ ಬುಡದಲ್ಲೇ ಅದಕ್ಕೊಂದು ಸಣ್ಣ ಫ್ಯೂಸ್ ಕೂರಿಸಿದಳು. ಮಧ್ಯೆ ರಿಲೇ ಎಂಬ ಪುಟ್ಟ ಡಬ್ಬಿ. ಸ್ವಿಚ್ ಒತ್ತಿದರೆ ಆ ಡಬ್ಬಿಗೆ ಸನ್ನೆ ಹೋಗುತ್ತದೆ, ಲೈಟಿಗೆ ಕರೆಂಟ್ ಬಿಡುವುದು ಡಬ್ಬಿಯ ಕೆಲಸ. ಅಡುಗೆ ಮಾಡುತ್ತಾ ಕೇಳಿಸಿಕೊಂಡ ನನಗೇ ಅರ್ಥವಾಯಿತು, ಇವರಿಗೆ ಆಗದೇ ಇರುತ್ತದೆಯೇ? ಮೆಲ್ಲಗೆ ಎದ್ದು ಬಂದರು. ಅವಳು ಹಾಕಿದ ಗಂಟೊಂದನ್ನು ಎಳೆದು ನೋಡಿ, ಹೊಂಡ ಇಳಿದು ಹತ್ತಿದರೆ ಇದು ನಿಲ್ಲುವುದಿಲ್ಲ ಎಂದರು. ವೈರನ್ನು ಹ್ಯಾಂಡಲ್ ತಿರುಗುವಷ್ಟು ಸಡಿಲ ಬಿಟ್ಟು, ಮಳೆ ಗಾಳಿಗೆ ಕಟ್ಟುವ ತಮ್ಮ ಕಟ್ಟು ಕಟ್ಟಿದರು. ಒಬ್ಬರು ಕೈ ಚಾಚಿದರೆ ಇನ್ನೊಬ್ಬರು ಟೇಪು ಕೊಡುತ್ತಿದ್ದರು. ನೋಡಿ ನನಗೆ ಎದೆ ತುಂಬಿ ಬಂತು.

ಕೊನೆಗೆ ಎಲ್ಲ ಲೈಟೂ ಹಾಕಿ, ಹಾರ್ನ್ ಒತ್ತಿ, ಬೈಕನ್ನು ನಿಂತಲ್ಲೇ ಸ್ಟಾರ್ಟ್ ಮಾಡಿ ಬಿಟ್ಟರು. ಇವರು ವೈರಿನ ಮೇಲೆ ಅಂಗೈ ಇಟ್ಟುಕೊಂಡು ಕೂತರು. ಒಂದಿಷ್ಟೂ ಬಿಸಿಯಾಗಿರಲಿಲ್ಲ. ಆದರೂ ಹಿಡಿದ ಮೊಲಕ್ಕೆ ಮೂರೇ ಕಾಲು. ರಸ್ತೆಯಲ್ಲಿ ನೋಡದೆ ಒಪ್ಪುವುದಿಲ್ಲ, ನಾಳೆ ಹಿಂದೆ ಕೂತು ಬರುತ್ತೇನೆ ಎಂದರು.

ಮಾರನೇ ದಿನವೂ ದಟ್ಟ ಮಂಜು. ಮಫ್ಲರ್ ಸುತ್ತಿಕೊಂಡು ಮಗಳ ಹಿಂದೆ ಕೂತು ಹೋದರು. ನಾನು ಬಾಗಿಲಲ್ಲೇ ಜೀವ ಕೈಯಲ್ಲಿ ಹಿಡಿದು ಕಾದೆ. ಬಿಸಿಲೇರಿದ ಮೇಲೆ ಬಸ್ಸಿನಲ್ಲಿ ಒಬ್ಬರೇ ವಾಪಸ್ ಬಂದರು. ಕಾಫಿ ಕೊಟ್ಟರೆ ಕುಡಿಯದೆ ಲೋಟ ಹಿಡಿದುಕೊಂಡೇ ಕೂತರು. ಅವಳು ಶಿಫ್ಟು ಬಿಡಬೇಕೋ ಬೇಡವೋ ಅಷ್ಟು ಹೇಳಿ ಎಂದೆ.

"ಯಾಕೆ ಬುಡ್ಬೇಕು?" ಎಂದರು. "ಊರೋರೆಲ್ಲ ನಾನು ಕಟ್ಟಿದ ಬೆಳಕಲ್ಲಿ ಓಡಾಡಿದ್ರು, ನಾನು ಮಾತ್ರ ಏಣಿ ಮೇಲೇ ಇದ್ದೆ ಕಣೇ. ಬೆಳಕು ಮುಂದೆ ಮುಂದೆ ಹೋಗೋದು, ನಾವು ಅದರ ಹಿಂದೆ ಸಾಗೋದು ಹೆಂಗಿರುತ್ತೆ ಅಂತ ಇವತ್ತು ನನ್ನ ಮಗಳು ತೋರಿಸಿದ್ಲು."